ಎತ್ತಿ ಕುಡಿಯುವವನ ನೀರಿನ ಚೀಲ

ಹೋದ ವರ್ಷ ಫೆಬ್ರುವರಿ ತಿಂಗಳಲ್ಲಿ, ಬಿಸಿಲು ಆಗಷ್ಟೇ ಚುರುಕಾಗುತ್ತಿದ್ದ ಒಂದು ಭಾನುವಾರ ನಡೆದದ್ದು ಇದು. ಆದರೆ ಅದನ್ನು ಹೇಳಬೇಕಾದರೆ ಅದರ ಹಿಂದಿನ ವರ್ಷದಿಂದ ಶುರು ಮಾಡಬೇಕು. ನಾನು ಬರೆಯುವುದು ನಿಧಾನ. ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತೇನೆ. ಕುರಿ ಹಿಂದೆ ತಿರುಗುತ್ತಾ ಬೆಳೆದವನು, ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದು ಮದುವೆಯಾದ ಮೇಲೆ. ಎಲ್ಲಾದರೂ ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಾನು ಹೊಳಲ್ಕೆರೆಯಲ್ಲಿ ನೀರುಗಂಟಿ. ಬೆಳಗಾಗುವ ಮೊದಲೇ ಎದ್ದು, ವಾಲ್ವ್ ತಿರುಗಿಸಿ, ಸರದಿ ಪ್ರಕಾರ ಒಂದೊಂದು ಬೀದಿಗೆ ನೀರು ಬಿಡುವುದು ನನ್ನ ಕೆಲಸ. ಒಂದು ವಾಲ್ವಿನಿಂದ ಇನ್ನೊಂದು ವಾಲ್ವಿಗೆ ಸೈಕಲ್ಲಿನಲ್ಲೇ ಓಡಾಡಿ ಓಡಾಡಿ ಸೈಕಲ್ಲಿನ ಹುಚ್ಚು ಹತ್ತಿತು. ನಮ್ಮೂರಿನಿಂದ ವರ್ಗವಾಗಿ ಹೋಗುತ್ತಿದ್ದ ಡಾಕ್ಟರೊಬ್ಬರು ತಮ್ಮ ರೋಡ್ ಬೈಕನ್ನು ನನಗೆ ಕೊಟ್ಟು ಹೋದರು. ತೆಳು ಟೈರು, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್. ಹತ್ತಿ ಕುಳಿತರೆ ಬೆನ್ನು ಬಗ್ಗಿಸಿಯೇ ಓಡಿಸಬೇಕು. ಅದನ್ನು ಓಡಿಸಿದ ಮೇಲೆ ಬೇರೆ ಸೈಕಲ್ ಮುಟ್ಟಲು ಮನಸ್ಸೇ ಬರಲಿಲ್ಲ.

ದುರ್ಗದ ಕಡೆಯ ಸೈಕಲ್ ಸವಾರರು ಸೇರಿ ವರ್ಷಕ್ಕೊಮ್ಮೆ ಒಂದು ದೊಡ್ಡ ಸುತ್ತು ಹೊಡೆಯುತ್ತಾರೆ. ಬೆಳಕು ಹರಿಯುವಾಗ ಚಂದ್ರವಳ್ಳಿಯಿಂದ ಹೊರಟು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಐಮಂಗಲ ದಾಟಿ ಹೊತ್ತು ಮುಳುಗುವುದರೊಳಗೆ ಮತ್ತೆ ಚಂದ್ರವಳ್ಳಿ ಸೇರಬೇಕು. ಬಹುಮಾನ ಅಂತ ಏನೂ ಇಲ್ಲ. ಮುಗಿಸಿದವರು ಎದೆ ಉಬ್ಬಿಸಿಕೊಂಡು ಮನೆಗೆ ಹೋಗುತ್ತಾರೆ, ಮುಗಿಸದವರು ಸುಮ್ಮನೆ ಹೋಗುತ್ತಾರೆ.

ಮೊದಲ ಸಲ ಹೋದಾಗ ನಾನು ಸುಮ್ಮನೆ ಹೋಗುವ ಸ್ಥಿತಿಯಲ್ಲೂ ಇರಲಿಲ್ಲ. ಹೊಸದುರ್ಗ ದಾಟಿ ಹಿರಿಯೂರಿನ ದಾರಿ ಹಿಡಿದ ಸ್ವಲ್ಪ ಹೊತ್ತಿಗೆ ಎರಡೂ ಮೀನಖಂಡ ಹಿಡಿದುಕೊಂಡವು. ಕಣ್ಣು ಮಂಜಾಯಿತು. ರಸ್ತೆ ಬದಿಯ ಜಾಲಿ ಗಿಡದ ಬುಡಕ್ಕೆ ಬಿದ್ದವನು ಏಳಲಿಲ್ಲ. ಯಾರೋ ಪುಣ್ಯಾತ್ಮರು ಗೂಡ್ಸ್ ಆಟೋದಲ್ಲಿ ಟೊಮೆಟೊ ಬಾಕ್ಸುಗಳ ನಡುವೆ ನನ್ನನ್ನೂ ಸೈಕಲ್ಲನ್ನೂ ಮಲಗಿಸಿ ಹೊಳಲ್ಕೆರೆಗೆ ತಂದು ಬಿಟ್ಟರು. ಬಾಯಾರಿ ಬಿದ್ದಿದ್ದೇನೆ, ಬೇರೇನೂ ಇಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದರು. ವಿಚಿತ್ರ ಏನೆಂದರೆ, ಸೈಕಲ್ಲಿಗೆ ಸಿಕ್ಕಿಸಿದ್ದ ಎರಡು ಬಾಟಲಿಗಳಲ್ಲಿ ಒಂದು ತುಂಬಿದ್ದು ತುಂಬಿದ ಹಾಗೇ ಇತ್ತು.

ಇದನ್ನು ಕಂಡವನು ತಿಪ್ಪೇಶಿ. ಅಡಿಕೆ ಮಂಡಿಯಲ್ಲಿ ತೂಕ ನೋಡುವವನು, ನನ್ನ ಬಾಲ್ಯದ ಗೆಳೆಯ, ಆ ಸುತ್ತಿನಲ್ಲಿ ನನಗಿಂತ ಮುಂದೆ ಹೋಗಿದ್ದು, ಸುದ್ದಿ ಕೇಳಿ ಆಸ್ಪತ್ರೆಗೆ ಬಂದವನು. ಅವನ ಬಾಯಿಗೆ ವಾಲ್ವ್ ಇಲ್ಲ. ಎರಡೇ ದಿನದಲ್ಲಿ ಊರಿಗೆಲ್ಲ ಗೊತ್ತಾಯಿತು. ನಲ್ಲಿ ಹತ್ತಿರ ಕೊಡ ಇಟ್ಟುಕೊಂಡು ನಿಂತ ಹೆಂಗಸರು ನನ್ನನ್ನು ಕಂಡ ತಕ್ಷಣ ಶುರು ಮಾಡುತ್ತಿದ್ದರು.

"ಏನಪ್ಪ ಓಬಳೇಶ, ಊರಿಗೆಲ್ಲ ನೀರು ಬಿಡ್ತೀಯ, ನಿನ್ನ ಬಾಯಿಗ್ ಬಿಡೋರು ಯಾರೂ ಇಲ್ವಾ?"

"ಅವನ ಸರದಿ ನಾಳೆಗೈತೆ ಕಣೇ!"

ನಗುತ್ತಾ ಕೇಳಿಸಿಕೊಂಡೆ. ಮನೆಯಲ್ಲಿ ನಗು ಇರಲಿಲ್ಲ. ಅವ್ವ ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಾ ಹೇಳಿದಳು, "ಆ ಸೈಕಲ್ ಮಾರಿಬಿಡು. ಇವತ್ತು ಯಾರೋ ಎತ್ತಿಕೊಂಬಂದ್ರು. ಇನ್ನೊಂದಿನ ಯಾರೂ ಬರಲ್ಲ."

"ಇನ್ನೊಂದ್ಸಲ ಅವ್ವ. ಮುಂದಿನ ವರ್ಷ ಸುತ್ತು ಮುಗಿಸ್ಲಿಲ್ಲ ಅಂದ್ರೆ ನಾನೇ ಮಾರ್ತೀನಿ."

"ನಿನ್ನ ಹೆಂಡ್ತಿ ಮುಂದೆ ಹೇಳು ಈ ಮಾತು."

"ನಾ ಕೇಳಿಸ್ಕಂಡೆ!" ಅಡುಗೆಮನೆಯಿಂದ ಮಂಜಮ್ಮ ಕೂಗಿದಳು.

ಅಲ್ಲಿಗೆ ಮಾತು ಗಟ್ಟಿಯಾಯಿತು. ಸುತ್ತು ಮುಗಿದರೆ ಸೈಕಲ್ ಇರುತ್ತದೆ, ಮುಗಿಯದಿದ್ದರೆ ಹೋಗುತ್ತದೆ.

ನನ್ನ ತಲೆ ಓಡಿದ್ದು ನೀರುಗಂಟಿಯ ತಲೆಯ ಹಾಗೆಯೇ. ನೀರು ಸಾಲಲಿಲ್ಲ ಎಂದರೆ ಟ್ಯಾಂಕ್ ಸಣ್ಣದು. ದೊಡ್ಡ ಟ್ಯಾಂಕ್ ಕಟ್ಟಿಸಿದರೆ ಆಯಿತು. ಬೆನ್ನಿಗೆ ಹಾಕಿಕೊಳ್ಳುವ ನೀರಿನ ಚೀಲ ಸಿಗುತ್ತದೆ, ಅದರಿಂದ ಒಂದು ಟ್ಯೂಬು ಬಾಯಿಯ ಹತ್ತಿರ ಬರುತ್ತದೆ, ಹೈಡ್ರೇಷನ್ ಪ್ಯಾಕ್ ಎನ್ನುತ್ತಾರೆ ಎಂದು ಮೊಬೈಲಿನಲ್ಲಿ ನೋಡಿದ್ದೆ. ದುರ್ಗದಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಇಮ್ತಿಯಾಜನ ಹತ್ತಿರ ಹೋದೆ. ಗೋಡೆಯ ಮೇಲೆ ನಾಲ್ಕೈದು ಚೀಲ ನೇತು ಹಾಕಿದ್ದ. ನಾನು ಎಲ್ಲಕ್ಕಿಂತ ದೊಡ್ಡದಕ್ಕೆ ಬೆರಳು ತೋರಿಸಿದೆ.

"ಅಣ್ಣ, ಅದು ಬೆಟ್ಟ ಹತ್ತೋರ ಚೀಲ. ನಿನ್ನ ಸೈಕಲ್ಲಿಗೆ ಬ್ಯಾಡ," ಎಂದ.

"ಟ್ಯಾಂಕ್ ದೊಡ್ಡದಿದ್ರೆ ನೀರು ಸಾಲ್ತೈತೆ ಭಾಯ್. ನೀರಿನ ವಿಷ್ಯ ನಂಗೆ ಹೇಳ್ತೀಯಾ?"

"ಟ್ಯಾಂಕನ್ನ ನೆಲ ಹೊರ್ತೈತೆ. ಇದನ್ನ ನೀ ಹೊರ್ಬೇಕಲ್ಲಪ್ಪ."

ಕೇಳದೆ ಅದನ್ನೇ ಕೊಂಡು ತಂದೆ. ತುಂಬ ನೀರು ತುಂಬಿಕೊಂಡು ಹೊಸದುರ್ಗಕ್ಕೆ ಒಂದು ಸಲ ಹೋಗಿ ಬಂದೆ. ಬೆನ್ನು ಬಗ್ಗಿಸಿದಾಗಲೆಲ್ಲ ಚೀಲದ ತಲೆ ಮೇಲಕ್ಕೆ ಸರಿದು ಹೆಲ್ಮೆಟ್ಟನ್ನು ಹಿಂದಿನಿಂದ ನೂಕುತ್ತಿತ್ತು. ಹೆಲ್ಮೆಟ್ ಬಂದು ಕಣ್ಣಿನ ಮೇಲೆ ಕೂರುತ್ತಿತ್ತು. ತಿರುವಿನಲ್ಲಿ ನೀರು ಒಂದು ಕಡೆ, ನಾನು ಒಂದು ಕಡೆ. ಒಳಗೆ ಗಾಳಿ ಉಳಿದು ಗುಳುಗುಳು ಸದ್ದು ಬೇರೆ. ಬೆನ್ನಿಗೂ ಚೀಲಕ್ಕೂ ನಡುವೆ ಗಾಳಿಯೇ ಆಡದೆ ಅಂಗಿ ಹಿಂಡಿದರೆ ಒಂದು ಚೊಂಬು ಬೆವರು ಬರುವಂತಿತ್ತು. ಮಂಜಮ್ಮ ನೋಡಿದವಳೇ, "ಕುಡಿದ ನೀರಿಗಿಂತ ಸುರಿಸಿದ ನೀರೇ ಜಾಸ್ತಿ ಆಗೈತಲ್ರಿ," ಎಂದಳು.

ಮುಂದಿನ ವಾರ ಚೀಲ ಹಿಡಿದು ಮತ್ತೆ ಇಮ್ತಿಯಾಜನ ಮುಂದೆ ನಿಂತೆ. ಅವನು ಹಂಗಿಸಲಿಲ್ಲ. ಅಂಗಡಿಯೊಳಗೆ ಸ್ಟ್ಯಾಂಡಿಗೆ ಬಿಗಿದ ಒಂದು ಸೈಕಲ್ ಇತ್ತು. "ಹತ್ತಿ ಕುಂತ್ಕ," ಎಂದ. ಉಳಿದ ಚೀಲಗಳಿಗೆ ಒಂದೊಂದಾಗಿ ನೀರು ತುಂಬಿದ.

"ಖಾಲಿ ಚೀಲ ನೋಡಿ ತಗಂಡ್ರೆ ಏನ್ ಗೊತ್ತಾಗ್ತೈತಣ್ಣ? ತುಂಬಿದ್ದು ಹಾಕ್ಕಂಡು ಬಗ್ಗಿ ನೋಡು."

ಒಂದೊಂದನ್ನೂ ಹಾಕಿಕೊಂಡು ಬಗ್ಗಿದೆ, ಕತ್ತೆತ್ತಿದೆ, ಪೆಡಲ್ ತುಳಿದೆ. ಒಂದು ಚೀಲ ಹೆಗಲು ಕೊಯ್ಯಿತು. ಇನ್ನೊಂದು ಚೆನ್ನಾಗಿತ್ತು, ಆದರೆ ಅದರ ಬಾಯಿ ಎಷ್ಟು ಸಣ್ಣದೆಂದರೆ ಕೈ ಹಾಕಿ ತೊಳೆಯುವಂತಿರಲಿಲ್ಲ. ಪಾಚಿ ಹೇಗೆ ಕಟ್ಟುತ್ತದೆ ಎಂದು ದಿನಾ ನೋಡುವವನಿಗೆ ಅಂಥದ್ದು ಬೇಡವಾಯಿತು. ಕೊನೆಗೆ ಸಿಕ್ಕಿದ್ದು ಒಂದು ಚಪ್ಪಟೆ ಚೀಲ. ಮೊದಲಿನದರ ಅರ್ಧವೂ ಇರಲಿಲ್ಲ. ಬೆನ್ನಿನ ಕಡೆ ಬಲೆಯಂಥ ಬಟ್ಟೆ, ಎದೆಯ ಮೇಲೆ ಒಂದು ಪಟ್ಟಿ, ಕೈ ಹಿಡಿಸುವ ಬಾಯಿ. ಬಗ್ಗಿದರೂ ಹೆಲ್ಮೆಟ್ಟಿನ ತಂಟೆಗೆ ಬರಲಿಲ್ಲ. ನೀರು ಕಡಿಮೆಯಾದರೆ ಹೊಸದುರ್ಗದಲ್ಲಿ ಒಮ್ಮೆ, ಹಿರಿಯೂರಿನಲ್ಲಿ ಒಮ್ಮೆ ತುಂಬಿಸಿಕೊಂಡರೆ ಆಯಿತು. ಅಷ್ಟು ದಿನ ಈ ಮಾತು ನನಗೆ ಹೊಳೆದಿರಲೇ ಇಲ್ಲ.

"ಈಗ ಕುಡಿ ನೋಡಾಣ," ಎಂದ ಇಮ್ತಿಯಾಜ್.

ನಾನು ಟ್ಯೂಬು ಹಿಡಿದು, ಮುಖ ಮೇಲೆ ಮಾಡಿ, ಬಾಯಿ ತೆರೆದು, ಟ್ಯೂಬಿನ ತುದಿಯನ್ನು ಒಂದು ಗೇಣು ಮೇಲೆತ್ತಿ ಬೆರಳಿನಿಂದ ಹಿಚುಕಿದೆ. ಪಟ್ಟಿ ಬಿಗಿದು ಒತ್ತಿದ್ದ ಚೀಲದಿಂದ ನೀರು ಚಿಮ್ಮಿ ಮೂಗಿನೊಳಗೆ ಹೋಯಿತು.

"ಏನಣ್ಣ ಮಾಡ್ತಿದೀಯಾ?"

"ಎತ್ತಿ ಕುಡೀತಿದೀನಿ."

"ಅರೇ, ಅದನ್ನ ಬಾಯಾಗೆ ಇಟ್ಕಂಡು ಕಚ್ಚಬೇಕು! ಕಚ್ಚಿದ್ರೆ ನೀರು ಬರ್ತೈತೆ."

"ಎಂಜ್ಲು ಆಗ್ತೈತಲ್ಲ ಭಾಯ್."

ಅವನು ಕೇಳಿದ, "ಹಂಗಾದ್ರೆ ಬಾಟ್ಲಿ ಹೆಂಗೆ ಕುಡೀತಿದ್ದೆ?"

"ಇಳಿದು, ನಿಂತ್ಕಂಡು, ಎತ್ತಿ."

"ಪ್ರತೀ ಸಲ?"

"ಪ್ರತೀ ಸಲ. ಓಡಿಸ್ತಾ ಮುಖ ಮೇಲೆತ್ತಿದ್ರೆ ದಾರಿ ಕಾಣಲ್ವಲ್ಲ."

ಇಮ್ತಿಯಾಜ್ ತಲೆಗೆ ಕೈ ಹಚ್ಚಿ ಸ್ಟೂಲಿನ ಮೇಲೆ ಕುಂತ. ಅವನು ಹೇಳುವ ಮೊದಲೇ ನನಗೂ ಅರ್ಥವಾಗಿತ್ತು. ಇಳಿದು ಇಳಿದು ಕುಡಿದರೆ ಹಿಂದೆ ಬೀಳುತ್ತೇನೆ ಎಂದು ಹೊಸದುರ್ಗದ ನಂತರ ನಾನು ಇಳಿಯುವುದನ್ನೇ ಬಿಟ್ಟಿದ್ದೆ. ತುಂಬಿದ ಬಾಟಲಿ ಕಾಲ ಪಕ್ಕದಲ್ಲೇ ಇತ್ತು. ಬಾಯಿಗೂ ಅದಕ್ಕೂ ನಡುವೆ ಇದ್ದದ್ದು ಎಂಜಲು ಒಂದೇ.

ಕೇಳಿದವರಿಗೆ ಇದು ತಮಾಷೆ ಅನಿಸಬಹುದು. ನಮ್ಮ ಮನೆಯಲ್ಲಿ ಚೊಂಬು, ಲೋಟ, ಬಾಟಲಿ ಯಾವುದಕ್ಕೂ ತುಟಿ ತಾಗಿಸಿ ಕುಡಿದವರಿಲ್ಲ. ಚೀಲ ತಂದ ದಿನ ಅವ್ವ ಟ್ಯೂಬಿನ ತುದಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ನಿಮ್ಮಪ್ಪ ಕುರಿ ಹಿಂದೆ ಹೋಗುವಾಗ ಹೆಗಲಿಗೆ ಸೋರೆಬುರುಡೆ ಹಾಕ್ಕಂಡು ಹೋಗೋನು. ಒಂದೇ ಬುರುಡೆ, ನಾಕು ಜನ ಕುಡಿಯೋರು. ಒಬ್ರೂ ಬಾಯಿ ಹಚ್ತಿರ್ಲಿಲ್ಲ. ನೀನು ಎಂಜ್ಲು ನೀರು ಬೆನ್ನಿಗ್ ಕಟ್ಕಂಡು ಜಿಲ್ಲೆಯೆಲ್ಲ ಅಡ್ಡಾಡ್ತೀಯಾ?"

"ಇದು ನಾನೊಬ್ನೇ ಕುಡಿಯೋದವ್ವ."

"ಒಬ್ನೇ ಕುಡಿದ್ರೂ ಎಂಜ್ಲು ಎಂಜ್ಲೇ."

ನಿಜ ಹೇಳಬೇಕೆಂದರೆ ನನಗೂ ಅದನ್ನು ಬಾಯಿಗಿಡಲು ಮನಸ್ಸು ಬರುತ್ತಿರಲಿಲ್ಲ. ಹಾಗಾಗಿ ನಡುವಿನ ದಾರಿ ಹಿಡಿದೆ. ದಿನಾ ಬೆಳಿಗ್ಗೆ ವಾಲ್ವ್ ತಿರುಗಿಸಲು ಹೋಗುವಾಗ ಚೀಲ ಹಾಕಿಕೊಂಡು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಟ್ಯೂಬು ಹಿಡಿದು, ತುಟಿಗೆ ತಾಗದಂತೆ ಬಾಯೊಳಗೆ ನೀರು ಚಿಮ್ಮಿಸುವುದನ್ನು ಕಲಿತೆ. ಮೊದಮೊದಲು ಅಂಗಿ ಕುಡಿಯಿತು. ಆಮೇಲೆ ಗುರಿ ಕೂತಿತು. ಚೀಲದಲ್ಲಿ ಗಾಳಿ ಉಳಿಯದಂತೆ ತಲೆಕೆಳಗು ಮಾಡಿ ಟ್ಯೂಬಿನಿಂದ ಗಾಳಿ ಹೊರಡಿಸುವುದು ಮಾತ್ರ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಪೈಪಿನಲ್ಲಿ ಗಾಳಿ ಹಿಡಿದರೆ ಏನು ಮಾಡಬೇಕೋ ಅದೇ. ಸುತ್ತಿನ ದಿನ ಬರುವ ಹೊತ್ತಿಗೆ, ಎಂಜಲೂ ಇಲ್ಲ, ಇಳಿಯುವುದೂ ಇಲ್ಲ ಎಂದು ನಾನು ಬಹಳ ಬೀಗಿದ್ದೆ.

ಚಂದ್ರವಳ್ಳಿಯಿಂದ ಹೊರಟಾಗ ತಣ್ಣಗಿತ್ತು. ತಿಪ್ಪೇಶಿ ಪಕ್ಕದಲ್ಲೇ ಇದ್ದ. ಎರಡು ಬಾಟಲಿಯ ಹಳೇ ಪದ್ಧತಿ ಅವನದು. ಹೊಳಲ್ಕೆರೆಗೆ ಬಂದಾಗ ನಮ್ಮ ಬೀದಿಯ ಹೆಂಗಸರು ನಲ್ಲಿ ಬಿಟ್ಟು ರಸ್ತೆ ಬದಿಗೆ ಬಂದು ನಿಂತಿದ್ದರು. ನನ್ನ ಎದೆಯ ಮೇಲೆ ಹಾದು ಬಂದ ಟ್ಯೂಬನ್ನು ನೋಡಿ ಒಬ್ಬಳು ಕೂಗಿದಳು.

"ಅಯ್ಯೋ, ಓಬಳೇಶಣ್ಣ ಗ್ಲೂಕೋಸ್ ಹಚ್ಚಿಸ್ಕಂಡೇ ಬಂದೈತೆ ನೋಡ್ರೇ!"

"ಈ ಸಲ ಆಟೋದೋನಿಗೆ ಮೊದ್ಲೇ ಹೇಳಿಟ್ಟೀಯೇನಣ್ಣ?"

ಎಲ್ಲರೂ ನಕ್ಕರು. ಅವರ ಹಿಂದೆ ಅವ್ವ ನಿಂತಿದ್ದಳು. ಅವಳು ನಗಲಿಲ್ಲ. ಕೈ ಎತ್ತಿದಳು ಅಷ್ಟೇ.

ಹೊಸದುರ್ಗದವರೆಗೆ ಎಲ್ಲ ಸುಲಭವಾಗಿ ಆಯಿತು. ಅಲ್ಲಿ ಚೀಲಕ್ಕೆ ನೀರು ತುಂಬಿಸಿ, ಎರಡು ಬಾಳೆಹಣ್ಣು ತಿಂದು ಹಿರಿಯೂರಿನ ಕಡೆ ತಿರುಗಿದೆವು. ತಿರುಗಿದ್ದೇ ತಡ, ಮೂಡಲ ಗಾಳಿ ಮುಖಕ್ಕೆ ಹೊಡೆಯಿತು. ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಬಿಸಿಲೂ ಏರಿತ್ತು. ತುಳಿದಷ್ಟೂ ಸೈಕಲ್ ಹಿಂದಕ್ಕೇ ಎಳೆಯುತ್ತಿದೆ ಅನ್ನಿಸಿತು.

ಬಾಯಿ ಒಣಗಿತು. ಟ್ಯೂಬು ಎತ್ತಿ ಹಿಚುಕಿದೆ. ಗಾಳಿ ಆ ನೀರನ್ನು ಎತ್ತಿ ನನ್ನ ಕಿವಿಗೆ ಹೊಡೆಯಿತು. ಮತ್ತೆ ಹಿಚುಕಿದೆ. ಹಿಂದೆ ಬರುತ್ತಿದ್ದ ತಿಪ್ಪೇಶಿ, "ಲೇ, ಮಳೆ ಹನಿ ಬಿತ್ತಲೇ!" ಎಂದು ಕೂಗಿದ. ಗುರಿ ಸರಿ ಮಾಡಲು ಮುಖವನ್ನು ಇನ್ನಷ್ಟು ಮೇಲೆತ್ತಿ ಮೂರನೇ ಸಲ ಹಿಚುಕಿದೆ. ನೀರು ಎರಡೂ ಕಣ್ಣಿಗೆ ನುಗ್ಗಿತು. ಒಂದೇ ಕೈ ಹ್ಯಾಂಡಲ್ ಮೇಲಿತ್ತು. ಪಕ್ಕದಿಂದ ಗಾಳಿ ತಳ್ಳಿತು. ಸೈಕಲ್ ರಸ್ತೆಯ ನಡುವಿಗೆ ಹೋಯಿತು. ಕಣ್ಣುಜ್ಜಿ ನೋಡಿದರೆ ಎದುರಿಗೆ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರ್.

ಹೇಗೆ ಎಳೆದುಕೊಂಡೆನೋ ಗೊತ್ತಿಲ್ಲ. ಟ್ರೇಲರಿನ ಗಾಲಿ ನನ್ನ ಮೊಣಕೈ ಪಕ್ಕದಲ್ಲೇ ಹಾದು ಹೋಯಿತು. ಡ್ರೈವರ್ ಬೈದದ್ದು ಗಾಳಿಯಲ್ಲಿ ಅರ್ಧ ಕೇಳಿಸಿತು. ಅರ್ಧವೇ ಸಾಕಾಗಿತ್ತು.

"ಲೇ ಓಬಳೇಶ!" ತಿಪ್ಪೇಶಿ ಪಕ್ಕಕ್ಕೆ ಬಂದು ಕೂಗಿದ. "ಕಚ್ಚಲೇ ಅದನ್ನ! ನಿನ್ನ ಬಾಯಿ, ನಿನ್ನ ಎಂಜ್ಲು, ನಿಂದೇನ್ ಹೋಗ್ತೈತೆ? ಇಲ್ಲಾ ಇಳಿದು ಕುಡಿ, ಮನೆಗ್ ಹೋಗಾಣ!"

ಇಳಿದರೆ ಏನಾಗುತ್ತದೆ ಎಂದು ಗೊತ್ತಿತ್ತು. ಆ ಗಾಳಿಯಲ್ಲಿ ನಿಂತರೆ ಮತ್ತೆ ಹೊರಡುವುದೇ ಒಂದು ಕೆಲಸ. ಹೊತ್ತು ಮುಳುಗುವುದರೊಳಗೆ ಮುಟ್ಟುವುದಿಲ್ಲ. ಸೈಕಲ್ ಮಾರಬೇಕು. ಕುಡಿಯದಿದ್ದರೆ ಮತ್ತೆ ಜಾಲಿ ಗಿಡ. ಹಾಗೆಂದು ಅಪ್ಪ, ಅಜ್ಜ ಯಾರೂ ಮಾಡದ ಕೆಲಸ ಮಾಡಬೇಕಲ್ಲ ಎಂದು ಮನಸ್ಸು ಹಿಂಜರಿಯಿತು. ಆಗ ನೆನಪಾಯಿತು, ಅಪ್ಪನ ಬುರುಡೆಯಿಂದ ನಾಲ್ಕು ಜನ ಕುಡಿಯುತ್ತಿದ್ದರು ಎಂದು ಅವ್ವನೇ ಹೇಳಿದ್ದಳು. ತುಟಿ ಹಚ್ಚದಿದ್ದದ್ದು ಉಳಿದ ಮೂವರಿಗಾಗಿ. ನನ್ನ ಬೆನ್ನಿನ ಮೇಲಿನದು ನನ್ನೊಬ್ಬನ ನೀರು. ಇಲ್ಲಿ ನಾನು ಯಾರ ಸಲುವಾಗಿ ಎತ್ತಿ ಕುಡಿಯುತ್ತಿದ್ದೇನೆ?

ಟ್ಯೂಬಿನ ತುದಿ ಬಾಯಿಗಿಟ್ಟೆ. ಕೈ ತೆಗೆದು ಹ್ಯಾಂಡಲ್ ಹಿಡಿದೆ. ಕಚ್ಚಿ ಎಳೆದೆ.

ನೀರು ಬಂತು. ಎರಡೂ ಕೈ ಹ್ಯಾಂಡಲ್ ಮೇಲೆ, ಕಣ್ಣು ರಸ್ತೆಯ ಮೇಲೆ, ಕಾಲು ತುಳಿಯುತ್ತಲೇ ಇದೆ, ಗಂಟಲಿಗೆ ತಣ್ಣಗೆ ನೀರು ಇಳಿಯುತ್ತಿದೆ. ಬಾಯಿ ಬಿಟ್ಟು "ಹೋ!" ಎಂದು ಕೂಗಿಬಿಟ್ಟೆ. ಟ್ಯೂಬು ಬಾಯಿಂದ ಜಾರಿ ಎದೆಗೆ ಬಡಿಯಿತು. ಮತ್ತೆ ಹಿಡಿದು ಕಚ್ಚಿದೆ. ಮಾರಿಕಣಿವೆಯ ಕಡೆಯ ಗುಡ್ಡಗಳು ಕಾಣುವ ಹೊತ್ತಿಗೆ ಎಷ್ಟು ಸಲ ಕುಡಿದೆನೋ, ಲೆಕ್ಕವಿಲ್ಲ. ಬಾಯಾರುವ ಮೊದಲೇ ಒಂದೊಂದು ಗುಟುಕು. ಹಿಂದಿನ ಸಲ ಬಿದ್ದ ಜಾಗ ಯಾವಾಗ ದಾಟಿತೋ ಗೊತ್ತೇ ಆಗಲಿಲ್ಲ.

ಹಿರಿಯೂರಿನಲ್ಲಿ ನಾನು ಚೀಲ ತುಂಬಿಸಿದೆ. ತಿಪ್ಪೇಶಿ ನಿಲ್ಲಲಿಲ್ಲ. "ಇನ್ನೇನು ದುರ್ಗ ಬಂದಂಗೇ, ನನ್ನತ್ರ ಐತೆ," ಎಂದು ಮುಂದೆ ಹೋದ. ಈಗ ಗಾಳಿ ಬೆನ್ನಿಗೆ ಬಂದಿತ್ತು. ಹೈವೇ ಪಕ್ಕದ ರಸ್ತೆಯಲ್ಲಿ ಸೈಕಲ್ ತಾನೇ ಹಾರಿದ ಹಾಗೆ ಹೋಗುತ್ತಿತ್ತು. ಐಮಂಗಲ ದಾಟಿದ ಮೇಲೆ ನೋಡುತ್ತೇನೆ, ತಿಪ್ಪೇಶಿ ಸಣ್ಣ ಸೇತುವೆಯ ಕಟ್ಟೆಯ ಮೇಲೆ ಕಾಲು ಚಾಚಿ ಕುಂತಿದ್ದಾನೆ. ಮುಖ ಬಿಳಿಚಿಕೊಂಡಿತ್ತು. ಎರಡೂ ಬಾಟಲಿ ಖಾಲಿ.

ಸೂರ್ಯ ಆಗಲೇ ಕೆಳಗಿಳಿಯುತ್ತಿದ್ದ. ನಿಂತರೆ ನನ್ನ ಹೊತ್ತೂ ಹೋಗುತ್ತಿತ್ತು. ನಿಂತೆ.

"ಕೊಡಲೇ ಅದನ್ನ," ಎಂದು ಟ್ಯೂಬಿಗೆ ಕೈ ಚಾಚಿದ.

"ಬ್ಯಾಡಲೇ, ಕಚ್ಚಿ ಕಚ್ಚಿ ಇಟ್ಟೀನಿ, ಎಂಜ್ಲಾಗೈತೆ."

"ಸಾಯೋನಿಗೆ ಎಂಥಾ ಎಂಜ್ಲಲೇ? ಕೊಡು!"

ನನಗೆ ಕೊಡಲಾಗಲಿಲ್ಲ. ನಾನು ಕಚ್ಚಿದ್ದ ರಬ್ಬರ್ ತುದಿಯನ್ನು ಟ್ಯೂಬಿನಿಂದ ಕಿತ್ತು ಜೇಬಿಗೆ ಹಾಕಿಕೊಂಡೆ. ಟ್ಯೂಬನ್ನು ಕೆಳಗೆ ಬಗ್ಗಿಸಿದೆ. ಬೆನ್ನಿನ ಚೀಲದಿಂದ ನೀರು ನಲ್ಲಿಯ ಹಾಗೆ ಧಾರೆ ಹಿಡಿಯಿತು. ತಿಪ್ಪೇಶಿ ಬೊಗಸೆ ಒಡ್ಡಿ ಕುಡಿದ, ಮುಖಕ್ಕೆ ಹಾಕಿಕೊಂಡ, ಮತ್ತೆ ಕುಡಿದ. ಸ್ವಲ್ಪ ಜೀವ ಬಂದ ಮೇಲೆ ತಲೆ ಎತ್ತಿ, "ಇವತ್ತು ನಮ್ಮ ಬೀದಿ ಸರದಿ ಏನಲೇ?" ಎಂದ.

"ನಿಮ್ಮ ಬೀದಿಗೆ ಬಂದ್ ಮಾಡ್ಬೇಕಂತಿದ್ದೆ. ಏಳಲೇ, ಹೊತ್ತಾತು."

ಎದ್ದ. ಕುಂಟುತ್ತಾ ಹತ್ತಿದ. ನಾನು ಮುಂದೆ ತುಳಿಯುತ್ತಾ, ಅವನು ನನ್ನ ಬೆನ್ನಿಗೆ ಅಂಟಿಕೊಂಡಂತೆ ಹಿಂದೆ. ದುರ್ಗದ ಬೆಟ್ಟ ಕಂಡಾಗ ಇಬ್ಬರೂ ಇನ್ನಷ್ಟು ಜೋರಾಗಿ ತುಳಿದೆವು. ಊರೊಳಗಿನ ಟ್ರಾಫಿಕ್ಕಿನಲ್ಲಿ ಬಸ್ಸು, ಆಟೋ, ದನ ಎಲ್ಲ ತಪ್ಪಿಸಿಕೊಂಡು ಚಂದ್ರವಳ್ಳಿಯ ಇಳಿಜಾರಿಗೆ ಬಂದರೆ ಸೂರ್ಯ ಬಂಡೆಗಳ ಮೇಲೆ ಇನ್ನೂ ಕುಂತಿದ್ದ. ಕೆಂಪಗಿದ್ದ, ಆದರೆ ಇದ್ದ. ಮೊದಲೇ ಬಂದಿದ್ದವರು ಚಪ್ಪಾಳೆ ಹೊಡೆದರು. ಅವರ ನಡುವೆ ಇಮ್ತಿಯಾಜನೂ ಇದ್ದ. ಎರಡು ಬೆರಳು ಬಾಯಿಗಿಟ್ಟು ಅವನು ಹಾಕಿದ ಸೀಟಿಗೆ ಕೆರೆಯ ಮೇಲಿದ್ದ ಹಕ್ಕಿಗಳೆಲ್ಲ ಎದ್ದವು.

ಇಳಿಯಲು ಹೋದರೆ ಕಾಲು ಬರಲಿಲ್ಲ. ಸೈಕಲ್ಲಿನ ಮೇಲೇ ಕುಂತು ಮನೆಗೆ ಫೋನ್ ಮಾಡಿದೆ. ಮಂಜಮ್ಮ ಎತ್ತಿದಳು. ನಾನು ಬಾಯಿ ತೆರೆಯುವ ಮೊದಲೇ, "ಎಲ್ಲಿ ಬಿದ್ದೀರಿ?" ಎಂದಳು.

"ಬಿದ್ದಿಲ್ಲ. ಮುಗಿಸ್ದೆ."

ಆ ಕಡೆ ಗಲಾಟೆ. ಫೋನ್ ಅವ್ವನ ಕೈಗೆ ಹೋಯಿತು.

"ಮುಗೀತೇನಪ್ಪ?"

"ಮುಗೀತವ್ವ. ಇನ್ನೂ ಹೊತ್ತೈತೆ, ಸೂರ್ಯ ಕಾಣ್ತಾವ್ನೆ."

"ನೀರು ಕುಡಿದೇನು?"

"ಕುಡಿದೆ."

"ಹೆಂಗೆ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಕಚ್ಚಿ ಕುಡಿದೆನವ್ವ."

"ಆ ಚೀಲ ಅಡುಗೆಮನೆಗೆ ತರಬ್ಯಾಡ. ಸೈಕಲ್ ಎಲ್ಲಿಡ್ತೀಯೋ ಅಲ್ಲೇ ಅದಕ್ಕೂ ಒಂದು ಮೊಳೆ ಹೊಡಿ," ಎಂದು ಅವ್ವ ಫೋನ್ ಇಟ್ಟಳು.

ನಾನು ಆ ಮೊಳೆ ಹೊಡೆದು ಒಂದು ವರ್ಷವಾಯಿತು. ಮನೆಯೊಳಗೆ ಈಗಲೂ ಚೊಂಬು ಎತ್ತಿಯೇ ಕುಡಿಯುತ್ತೇನೆ, ಅದು ಬದಲಾಗಿಲ್ಲ, ಬದಲಾಗುವುದೂ ಬೇಡ. ಆದರೆ ಸೈಕಲ್ ಹತ್ತಿದ ಮೇಲೆ ಆ ರಬ್ಬರ್ ತುದಿ ಹಲ್ಲಿಗೆ ಸಿಕ್ಕ ಕ್ಷಣ ಪ್ರತಿ ಸಲವೂ ಹೊಸದುರ್ಗದ ಆಚೆಯ ಆ ರಸ್ತೆಗೇ ಹೋಗುತ್ತೇನೆ. ಮುಖಕ್ಕೆ ಹೊಡೆಯುವ ಗಾಳಿ, ನಿಲ್ಲದೆ ತುಳಿಯುತ್ತಿರುವ ಕಾಲು, ಗಂಟಲಲ್ಲಿ ಇಳಿಯುವ ನೀರು. ನಲವತ್ತು ದಾಟಿದ ಗಂಡಸು ನಡುರಸ್ತೆಯಲ್ಲಿ "ಹೋ!" ಎಂದು ಕೂಗಿದ್ದನ್ನು ನೆನೆದರೆ ನಾಚಿಕೆ ಆಗಬೇಕು. ಆಗುವುದಿಲ್ಲ. ಮತ್ತೊಮ್ಮೆ ಕೂಗುತ್ತೇನೆ.